ಪರೀಕ್ಷೆಯ ದಿನ ಮಾತ್ರ ಒಳ್ಳೆಯ ಕಾರು

ನನ್ನ ಗಂಡನಿಗೆ ಒಂದು ಅಭ್ಯಾಸವಿದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ, ಹಿಂದುಗಡೆ ಹೋಗಿ, ಹೊಗೆ ಕೊಳವೆಯ ಬಾಯಿಗೆ ಬಿಳಿ ಕರವಸ್ತ್ರ ಹಿಡಿಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಎಲ್ಲೂ ಮಸಿ ಇರುವುದಿಲ್ಲ. ಆಗ ಅಡುಗೆಮನೆಯ ಕಿಟಕಿಯ ಹತ್ತಿರ ಬಂದು, "ನೋಡಿದೆಯಾ, ಹಾಲಿನ ಹಾಗೆ ಬಿಳಿ. ಇದು ಡೀಸೆಲ್ ಕಾರು ಅಂದರೆ ಯಾರಾದರೂ ನಂಬ್ತಾರಾ?" ಎನ್ನುತ್ತಾರೆ. ನಾನು ತಲೆ ಎತ್ತದೆ ಹೂಂ ಎನ್ನುತ್ತೇನೆ. ಆ ಕರವಸ್ತ್ರಗಳನ್ನು ಒಗೆಯುವವಳು ನಾನು. ನನಗೆ ಅದರಲ್ಲಿ ಹೊಸದೇನೂ ಇಲ್ಲ.

ಅವರು ಡ್ರೈವಿಂಗ್ ಶಾಲೆ ನಡೆಸುತ್ತಾರೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಡೆ ಇರುವ ಎರಡನೇ ಬ್ರೇಕಿನ ಮೇಲೆ ಸದಾ ಕಾಲಿಟ್ಟುಕೊಂಡೇ ಇರುವುದರಿಂದ ಬೀದಿಯವರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಎಂದು ಕರೆಯುತ್ತಾರೆ. ಶಾಲೆ ಅಂದರೆ ಒಂದು ಕಾರು, ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಫೋನು, ಫೋನಿನ ಹಿಂದೆ ನಾನು. ಯಾರಿಗೆ ಎಷ್ಟು ಹೊತ್ತಿಗೆ ಪಾಠ ಎನ್ನುವುದು ನನ್ನ ತಲೆಯಲ್ಲಿರುತ್ತದೆ. ಯಾರು ಕ್ಲಚ್ಚಿನಿಂದ ಕಾಲು ತೆಗೆಯಲು ಹೆದರುತ್ತಾರೆ, ಯಾರು ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುವುದು ಬಿಟ್ಟು ತಮ್ಮ ಮುಖ ನೋಡಿಕೊಳ್ಳುತ್ತಾರೆ ಎನ್ನುವುದೂ ಊಟದ ಹೊತ್ತಿಗೆ ನನಗೆ ವರದಿಯಾಗುತ್ತದೆ.

ಅವರು ಕಲಿಸುವ ರೀತಿಯಲ್ಲಿ ಒಂದು ವಿಶೇಷವಿದೆ. ಕೊನೆಯ ಪಾಠದ ದಿನ ಅವರು ಸೀಟು ಹಿಂದಕ್ಕೆ ಬಾಗಿಸಿ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ನಿದ್ದೆ ಹೋಗುತ್ತಾರೆ. ಹೋದ ಹಾಗೆ ನಟಿಸುತ್ತಾರೆ ಎನ್ನಬೇಕು. ಟೋಪಿಯ ಅಂಚಿನ ಕೆಳಗಿಂದ ಎಲ್ಲವನ್ನೂ ನೋಡುತ್ತಿರುತ್ತಾರೆ. ಮೇಷ್ಟ್ರು ಮಲಗಿದರು ಅಂತ ಯಾರಾದರೂ ನಿಲ್ಲುವ ಗೆರೆ ದಾಟಿದರೋ, ತಿರುವಿನಲ್ಲಿ ದೀಪ ಹಾಕದೆ ತಿರುಗಿಸಿದರೋ, ಅವರಿಗೆ ಲೈಸೆನ್ಸ್ ಪರೀಕ್ಷೆಗೆ ಹೋಗಲು ಒಪ್ಪಿಗೆ ಸಿಗುವುದಿಲ್ಲ. "ಪರೀಕ್ಷೆ ಮಾಡೋರ ಮುಂದೆ ಎಲ್ಲರೂ ಜಾಣರೇ. ಯಾರೂ ನೋಡದೆ ಇರೋವಾಗ ಹೇಗೆ ಓಡಿಸ್ತಾರೆ ಅನ್ನೋದು ನನಗೆ ಬೇಕು" ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ನಿದ್ದೆ ಪಾಠ ಎಂದು ಹೆಸರು. ಒಮ್ಮೊಮ್ಮೆ ಮೇಷ್ಟ್ರು ನಿಜವಾಗಿಯೂ ಗೊರಕೆ ಹೊಡೆದರು ಎಂಬ ದೂರೂ ಬಂದದ್ದಿದೆ. ಅದನ್ನು ಅವರು ಇವತ್ತಿಗೂ ಒಪ್ಪಿಲ್ಲ.

ಶಾಲೆಗೆ ಹೊಸ ಗಾಡಿ ತರುವುದು, ಈ ಕಾರನ್ನು ಮಾರುವುದು ಎಂದು ನಿರ್ಧಾರವಾಗಿತ್ತು. ತೆಗೆದುಕೊಳ್ಳುವವರು ಪಕ್ಕದ ಬೀದಿಯಲ್ಲಿ ಶಿಶುವಿಹಾರ ನಡೆಸುವ ಹೆಂಗಸು. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವರು ಮಕ್ಕಳ ಅಕ್ಕ. ಇದೇ ಕಾರಿನಲ್ಲಿ ಕಲಿತವರು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ನನ್ನ ಗಂಡ ಪಟ್ಟು ಬಿಡದೆ ಕಲಿಸಿ, ಕೊನೆಗೂ ಪಾಸಾದ ದಿನ ಕಾರಿನ ಬಾನೆಟ್ ತಬ್ಬಿಕೊಂಡು ಅತ್ತವರು. ದೂರದ ಮನೆಗಳ ಮಕ್ಕಳನ್ನು ಬೆಳಿಗ್ಗೆ ಕರೆತಂದು ಸಂಜೆ ಬಿಡಲು ಅವರಿಗೊಂದು ಕಾರು ಬೇಕಿತ್ತು.

"ಬೇರೆ ಕಾರು ಅಂದರೆ ನನಗೆ ಭಯ ಮೇಷ್ಟ್ರೇ. ಇದು ನನ್ನ ಕೈಗೆ ಪಳಗಿದೆ. ನಿಮ್ಮ ಗಾಡಿ ಅಂದ ಮೇಲೆ ಕಣ್ಣು ಮುಚ್ಕೊಂಡು ತಗೋತೀನಿ" ಎಂದಿದ್ದರು.

ಆ ಮಾತನ್ನು ನನ್ನ ಗಂಡ ಕಂಡ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ಶನಿವಾರ ಕಾರು ಕೊಡುವುದೆಂದು ಮಾತಾಯಿತು. ಕಾರಿನ ತಲೆಯ ಮೇಲಿನ 'ಕಲಿಯುವವರು' ಎಂಬ ಫಲಕವನ್ನು ಬಿಚ್ಚಿದ್ದೂ ಆಯಿತು.

ಅದೇ ವಾರ ಕಾರಿನ ಕಂಪನಿಯಿಂದ ಒಂದು ಕಾಗದ ಬಂತು. ನಿಮ್ಮ ಗಾಡಿಯ ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಬೇಕಾಗಿದೆ, ದಯವಿಟ್ಟು ಸರ್ವಿಸ್ ಸೆಂಟರಿಗೆ ತನ್ನಿ, ಕೆಲಸ ಉಚಿತ ಎಂದು ಬರೆದಿತ್ತು. ಯಾಕೆ ಬದಲಿಸಬೇಕು ಎನ್ನುವುದನ್ನು ಮಾತ್ರ ಸುತ್ತಿ ಬಳಸಿ ಹೇಳಿದ್ದರು. ನನ್ನ ಗಂಡ ಅದನ್ನು ಓದಿ ಮೇಜಿನ ಮೇಲಿಟ್ಟು, ಅದರ ಮೇಲೆ ಚಹಾ ಲೋಟ ಇಟ್ಟರು.

"ಚೆನ್ನಾಗಿರೋ ಗಾಡಿನ ಕೆಡಿಸೋಕೆ ಕರೀತಿದ್ದಾರೆ" ಎಂದರು.

ಎದುರು ಮನೆಯ ಟೈರ್ ಅಂಗಡಿಯವರು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಎಲ್ಲಾ ಗಾಡಿಯ ವಿಷಯವೂ ಗೊತ್ತು. ಗೊತ್ತಿಲ್ಲದ್ದು ಇನ್ನೂ ಚೆನ್ನಾಗಿ ಗೊತ್ತು. "ಹೋಗಬೇಡಿ ಮೇಷ್ಟ್ರೇ" ಎಂದರು. "ನನ್ನ ಷಡ್ಡಕ ಹೋಗಿದ್ದ. ವಾಪಸ್ ಬಂದ ಮೇಲೆ ಅವನ ಗಾಡಿಗೆ ಪಿಕಪ್ಪೇ ಇಲ್ಲ. ಏರು ಬಂತು ಅಂದರೆ ಏದುಸಿರು ಬಿಡುತ್ತೆ. ಮೈಲೇಜ್ ಅಂತೂ ಕೇಳಲೇಬೇಡಿ."

"ಕೇಳಿದೆಯಾ?" ಎಂದು ನನ್ನ ಗಂಡ ನನ್ನ ಕಡೆ ತಿರುಗಿದರು, ನಾನೇನೋ ವಾದ ಹೂಡಿದ್ದೆ ಎನ್ನುವಂತೆ.

ಗುರುವಾರ ಸಂಜೆ ನನ್ನ ತಂಗಿ ಬಂದಳು. ಟೈರ್ ಅಂಗಡಿಯವರೂ ಆಗ ನಮ್ಮಲ್ಲೇ ಕೂತಿದ್ದರು. ಅವಳಿಗೆ ಗಾಡಿಗಳ ತಪಾಸಣೆ ಕೇಂದ್ರದಲ್ಲಿ ಕೆಲಸ. ಗಾಡಿಯ ಚಕ್ರಗಳನ್ನು ನೆಲದ ರೋಲರ್ ಮೇಲೆ ನಿಲ್ಲಿಸಿ ಓಡಿಸಿ, ಹೊಗೆ ಅಳೆದು, ಪಾಸೋ ಫೇಲೋ ಹೇಳುವವಳು. ಕೂತವಳೇ ಮೇಜಿನ ಮೇಲಿದ್ದ ಕಾಗದ ನೋಡಿದಳು. ಲೋಟ ಎತ್ತಿ ಪಕ್ಕಕ್ಕಿಟ್ಟಳು. ಕಂಪನಿಯ ಹೆಸರಿನ ಮೇಲೆ ದುಂಡಗೆ ಚಹಾದ ಕಲೆ ಆಗಿತ್ತು.

"ಭಾವ, ಇದಕ್ಕೆ ಏನು ಮಾಡಿದಿರಿ?"

"ನೋಡ್ತಾ ಇದ್ದೀಯಲ್ಲ. ಲೋಟ ಇಟ್ಟಿದ್ದೆ. ನೀನು ಅದನ್ನೂ ತೆಗೆದೆ."

"ತಮಾಷೆ ಬೇಡ. ಮಾರೋಕೆ ಮುಂಚೆ ಗಾಡಿನ ಸರ್ವಿಸ್ ಸೆಂಟರಿಗೆ ಕೊಡಿ."

"ಯಾಕಮ್ಮಾ? ನಿಮ್ಮ ಕೇಂದ್ರದಲ್ಲೇ ಪಾಸಾದ ಗಾಡಿ. ಪಾಸ್ ಅಂತ ಸಹಿ ಹಾಕಿದವಳೂ ನೀನೇ."

ತಂಗಿಯ ಮುಖ ಬಾಡಿತು. "ಅದೇ ನನಗೆ ಸಂಕಟ ಭಾವ" ಎಂದಳು. "ನಾನು ನೋಡಿದ್ದು ಸುಳ್ಳಲ್ಲ, ಯಂತ್ರ ತೋರಿಸಿದ್ದೂ ಸುಳ್ಳಲ್ಲ. ಆದರೂ ನನ್ನ ಕಣ್ಣಿಗೆ ಮಣ್ಣೆರಚಿದ್ದಾರೆ. ಈ ಕಾರಿನೊಳಗೆ ಒಂದು ಪ್ರೋಗ್ರಾಂ ಇಟ್ಟಿದ್ದಾರೆ. ರೋಲರ್ ಮೇಲೆ ಚಕ್ರ ಓಡುತ್ತೆ, ಸ್ಟೀರಿಂಗ್ ಅಲ್ಲಾಡಲ್ಲ. ರಸ್ತೆ ಮೇಲೆ ಹಾಗೆ ಆಗುತ್ತಾ? ಆಗಲ್ಲ. ಅದರಿಂದಲೇ ಕಾರಿಗೆ ಗೊತ್ತಾಗುತ್ತೆ, ಓಹೋ ಈಗ ಪರೀಕ್ಷೆ ನಡೀತಿದೆ ಅಂತ. ಆಗ ಹೊಗೆ ಶುದ್ಧ ಮಾಡೋ ಕೆಲಸ ಪೂರ್ತಿ ಮಾಡುತ್ತೆ. ಪರೀಕ್ಷೆ ಮುಗಿದು ರಸ್ತೆಗೆ ಬಂತೋ, ಆ ಕೆಲಸ ಕಡಿಮೆ ಮಾಡಿಬಿಡುತ್ತೆ."

"ಕಾರಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತು?"

"ಕಾರಿಗೆ ಬುದ್ಧಿ ಇಲ್ಲ. ಮಾಡಿದವರಿಗೆ ಇದೆ. ಅಮ್ಮ ಬಂದಾಗ ಮಾತ್ರ ನೀವು ಲೋಟ ತೊಳೀತೀರಲ್ಲ, ಅಮ್ಮ ಹೋದ ಮೇಲೆ ಅಕ್ಕನೇ ತೊಳೀಬೇಕಲ್ಲ, ಅದೇ ಥರ."

ನಾನು ನಕ್ಕುಬಿಟ್ಟೆ. ಟೈರ್ ಅಂಗಡಿಯವರೂ ನಕ್ಕರು. ನನ್ನ ಗಂಡ ನಗಲಿಲ್ಲ. ಎದ್ದು ಒಳಗೆ ಹೋಗಿ ಅವತ್ತಿನ ಕರವಸ್ತ್ರ ತಂದು ತಂಗಿಯ ಮುಂದೆ ಹರಡಿದರು.

"ಇದನ್ನ ನೋಡಿ ಮಾತಾಡು. ಎಲ್ಲಿದೆ ಹೊಗೆ?"

"ಇದರಲ್ಲಿ ಅಂಟೋದು ಮಸಿ ಭಾವ. ಮಸಿ ಹಿಡಿಯೋಕೆ ಕಾರಿನಲ್ಲಿ ಬೇರೆ ಜಾಲರಿ ಇದೆ, ಅದು ಕೆಲಸ ಮಾಡ್ತಿದೆ. ನಾನು ಹೇಳ್ತಿರೋದು ನೈಟ್ರೋಜನ್ ಆಕ್ಸೈಡ್ ಅನ್ನೋ ಅನಿಲ. ಕಣ್ಣಿಗೆ ಕಾಣಲ್ಲ, ಬಟ್ಟೆಗೆ ಅಂಟಲ್ಲ. ಎದೆಗೆ ಮಾತ್ರ ತಾಕುತ್ತೆ. ಉಬ್ಬಸ ಇರೋರಿಗೆ, ವಯಸ್ಸಾದವರಿಗೆ, ಪುಟ್ಟ ಮಕ್ಕಳಿಗೆ ಅದು ಜಾಸ್ತಿ ತೊಂದರೆ ಕೊಡುತ್ತೆ."

ಟೈರ್ ಅಂಗಡಿಯವರಿಗೆ ಸುಮ್ಮನಿರಲು ಆಗಲಿಲ್ಲ. "ಅದೆಲ್ಲ ಸರಿ. ಆದರೆ ರಿಪೇರಿ ಮಾಡಿಸಿದ ಮೇಲೆ ಗಾಡಿ ಸತ್ತು ಹೋಗುತ್ತಲ್ಲ. ನನ್ನ ಷಡ್ಡಕನ ಗಾಡಿ..."

"ನಿಮ್ಮ ಷಡ್ಡಕರದ್ದು ಯಾವ ಕಾರು?" ಎಂದು ತಂಗಿ ಕೇಳಿದಳು.

"ಕೆಂಪು ಬಣ್ಣದ್ದು."

"ಅದು ಪೆಟ್ರೋಲ್ ಗಾಡಿ. ಹೋದ ತಿಂಗಳು ನಾನೇ ತಪಾಸಣೆ ಮಾಡಿದ್ದೀನಿ. ಈ ರಿಪೇರಿಗೂ ಅದಕ್ಕೂ ಸಂಬಂಧವೇ ಇಲ್ಲ."

ಅವರು ಕೆಮ್ಮಿ, ಅಂಗಡಿ ಬಾಗಿಲು ತೆಗೆದಿಟ್ಟು ಬಂದಿದ್ದೇನೆ ಎಂದು ಹೊರಟರು. ಅರ್ಧ ದಾರಿಯಿಂದ ವಾಪಸ್ ಬಂದು, "ಹಾಗಾದರೆ ಅವನ ಗಾಡಿ ಯಾಕೆ ಏದುಸಿರು ಬಿಡುತ್ತೆ?" ಎಂದು ಕೇಳಿದರು. ತಂಗಿ, "ಟೈರಲ್ಲಿ ಗಾಳಿ ಕಮ್ಮಿ ಇತ್ತು" ಎಂದಳು. ಷಡ್ಡಕನ ಗಾಡಿಗೆ ಗಾಳಿ ಹಾಕುವವರು ಯಾರು ಎಂದು ನಾವು ಕೇಳಲಿಲ್ಲ. ಪಾಪ, ಅಷ್ಟು ಸಾಕಾಗಿತ್ತು ಅವರಿಗೆ.

ಅವರು ಹೋದ ಮೇಲೆ ತಂಗಿ ದನಿ ತಗ್ಗಿಸಿದಳು. "ಭಾವ, ಒಂದು ಮಾತು. ಮೇಷ್ಟ್ರ ಕಣ್ಣ ಮುಂದೆ ಮಾತ್ರ ಚೆನ್ನಾಗಿ ಓಡಿಸಿ, ನಿದ್ದೆ ಪಾಠದಲ್ಲಿ ಗೆರೆ ದಾಟೋರನ್ನ ನೀವು ಏನು ಮಾಡ್ತೀರಿ?"

ಅವರು ಕರವಸ್ತ್ರ ಮಡಚತೊಡಗಿದರು. ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಆಮೇಲೆ, "ತಪ್ಪು ನನ್ನದಲ್ಲ ಅಲ್ವಾ?" ಎಂದರು.

"ಖಂಡಿತ ನಿಮ್ಮದಲ್ಲ. ಕಂಪನಿದು. ನಿಮಗೆ ಟೋಪಿ ಹಾಕಿದ್ದಾರೆ."

"ಹಾಗಾದರೆ ಮುಗೀತು. ಶನಿವಾರ ಇದ್ದ ಹಾಗೇ ಕೊಟ್ಟುಬಿಡ್ತೀನಿ. ಅವರು ಕೇಳಿಲ್ಲ, ನಾನು ಹೇಳಿಲ್ಲ. ಪಾಸಾದ ಕಾಗದ ಇದೆ."

ಇಷ್ಟು ಹೊತ್ತು ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದೆ.

"ಕಣ್ಣು ಮುಚ್ಕೊಂಡು ತಗೋತೀನಿ ಅಂದರು ಆ ಹೆಂಗಸು. ಅವರ ಕಣ್ಣಿಗೆ ಬಟ್ಟೆ ಕಟ್ಟಿ ಕೊಡ್ತೀರಾ?" ಎಂದೆ. "ನಿನ್ನೆ ತನಕ ನಿಮಗೆ ಮೋಸ ಮಾಡಿದವರು ಕಂಪನಿಯವರು. ಶನಿವಾರ ಹೇಳದೆ ಕೊಟ್ಟರೆ, ಮಕ್ಕಳ ಅಕ್ಕನಿಗೆ ಮೋಸ ಮಾಡಿದವರು ಯಾರು?"

ನನ್ನ ಗಂಡ ಎದ್ದು ಅಂಗಳಕ್ಕೆ ಹೋಗಿ ಕಾರಿನೊಳಗೆ ಕೂತರು. ಅವರು ಕೋಪ ಮಾಡಿಕೊಂಡರೆ ಅಲ್ಲೇ ಕೂರುವುದು, ಅದೂ ಕಲಿಯುವವರ ಸೀಟಿನಲ್ಲಿ. ತಂಗಿ ಕಿಟಕಿಯ ಹತ್ತಿರ ಹೋಗಿ ಮಾತಾಡಿದಳು. ಈ ಕಂಪನಿಯ ಕಾರುಗಳ ಹೊಗೆಯನ್ನು ರಸ್ತೆಯಲ್ಲೇ ಅಳೆಯಲು ಅವಳ ಕೇಂದ್ರದಲ್ಲಿ ಒಂದು ಪೆಟ್ಟಿಗೆ ಬಂದಿತ್ತು. ಮಾಲೀಕರು ಕೇಳಿದರೆ ಅಳೆದು ಕೊಡುತ್ತಿದ್ದರು.

"ನಾಳೆ ಬನ್ನಿ ಭಾವ. ನಾನು ಹೇಳಿದ್ದು ಸುಳ್ಳಾದರೆ ಶನಿವಾರ ಮೀಸೆ ತಿರುವಿಕೊಂಡು ಗಾಡಿ ಕೊಡಿ."

"ಬರ್ತೀನಿ" ಎಂದರು ಅವರು ಒಳಗಿನಿಂದ. "ನನ್ನ ಕಾರು ನನಗೆ ಗೊತ್ತಿಲ್ವಾ?"

ಶುಕ್ರವಾರ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಫೋನಿಗೆ ಅರ್ಧ ದಿನ ರಜೆ ಕೊಟ್ಟೆ. ಇಂಥ ದಿನ ಮನೆಯಲ್ಲಿ ಕೂರುವ ಜಾತಿಯವಳಲ್ಲ ನಾನು. ಮೊದಲು ರೋಲರ್ ಮೇಲೆ ಓಡಿಸಿದರು. ಚಕ್ರ ಗಿರಗಿರ ತಿರುಗಿತು, ಕಾರು ನಿಂತಲ್ಲೇ ಓಡಿತು. ಪರದೆಯ ಮೇಲೆ ಅನಿಲದ ಅಂಕಿ ಮಿತಿಯೊಳಗೇ ಇತ್ತು. ನನ್ನ ಗಂಡ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ತಂಗಿ ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟು, ಅದರ ಕೊಳವೆಯನ್ನು ಹೊಗೆ ಕೊಳವೆಯ ಬಾಯಿಗೆ ಬಿಗಿದಳು. ನನ್ನ ಗಂಡ ಸ್ಟೀರಿಂಗ್ ಹಿಡಿದರು, ನಾನೂ ತಂಗಿಯೂ ಹಿಂದಿನ ಸೀಟಿನಲ್ಲಿ ಕೂತೆವು. ಅವಳ ತೊಡೆಯ ಮೇಲೆ ಅಂಕಿ ತೋರಿಸುವ ಸಣ್ಣ ಪರದೆ.

ಕಾರು ಬೀದಿಗೆ ಬಂತು. ಮೊದಲ ತಿರುವು ದಾಟಿದ ಕೂಡಲೇ ಅಂಕಿ ಮೇಲಕ್ಕೆ ಹೋಗತೊಡಗಿತು.

"ಎಷ್ಟಿದೆ?" ಎಂದರು ಅವರು.

"ಮಿತಿ ದಾಟಿದೆ."

ಅವರು ವೇಗ ತಗ್ಗಿಸಿದರು. "ಈಗ?"

"ಎರಡರಷ್ಟು."

ಹಸುಗೂಸನ್ನು ಎತ್ತಿಕೊಂಡು ಹೋಗುವವರ ಹಾಗೆ ನಿಧಾನವಾಗಿ ಓಡಿಸಿದರು. ಗೇರನ್ನು ಬೆರಳ ತುದಿಯಲ್ಲಿ ಬದಲಿಸಿದರು. ಹಿಂದಿನಿಂದ ಒಬ್ಬ ಸೈಕಲ್ಲಿನವನು ಗಂಟೆ ಬಾರಿಸಿ ನಮ್ಮನ್ನು ದಾಟಿ ಹೋದ. ಅಂಕಿ ಇಳಿಯಲಿಲ್ಲ. ದೊಡ್ಡ ರಸ್ತೆಗೆ ಬಂದು ಎಂದಿನ ವೇಗದಲ್ಲಿ ಹೋದಾಗ ಅದು ಮಿತಿಯ ಹಲವು ಪಟ್ಟು ತೋರಿಸಿತು. ತಂಗಿ ಆಮೇಲೆ ಓದಿ ಹೇಳುವುದನ್ನೇ ನಿಲ್ಲಿಸಿದಳು.

ನನ್ನ ಗಂಡ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಬಹಳ ಹೊತ್ತು ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ.

"ಎಷ್ಟು ಜನರಿಗೆ ಈ ಸೀಟಲ್ಲಿ ಕೂರಿಸಿ ಬುದ್ಧಿ ಹೇಳಿದ್ದೀನಿ ನಾನು" ಎಂದರು. "ಯಾರೂ ನೋಡದೆ ಇರೋವಾಗಲೂ ನೆಟ್ಟಗಿರಿ ಅಂತ. ಹೇಳ್ತಾ ಇದ್ದದ್ದು ಈ ಕಾರಲ್ಲಿ ಕೂತು. ನನಗೆ ನಾಚಿಕೆ ಆಗ್ತಿದೆ."

ಗಂಡನ ಕಾಲೆಳೆಯುವುದು ನನ್ನ ನಿತ್ಯದ ಕೆಲಸ. ಆದರೆ ಅವರ ದನಿ ಹೀಗೆ ಇಳಿದದ್ದನ್ನು ನಾನು ಕೇಳಿದವಳಲ್ಲ. ಹಿಂದಿನಿಂದ ಅವರ ಭುಜದ ಮೇಲೆ ಕೈಯಿಟ್ಟೆ. ತಂಗಿ, "ನನಗೂ ಹಾಗೇ ಆಗಿತ್ತು ಭಾವ" ಎಂದಳು. ಇಷ್ಟಾದರೂ ಅವರು ಮಕ್ಕಳ ಅಕ್ಕನಿಗೆ ಹೇಳುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅವರು ಕಾರು ಬೇಡ ಅನ್ನಬಹುದು. ಮೇಷ್ಟ್ರ ಗಾಡಿಯೇ ಮೋಸದ್ದಂತೆ ಎಂದು ನಾಲ್ಕು ಜನ ಆಡಿಕೊಳ್ಳಬಹುದು. ಅದು ಅವರ ಮನಸ್ಸಿನಲ್ಲಿ ಓಡುತ್ತಿರುವುದು ನನಗೆ ಕಾಣುತ್ತಿತ್ತು.

ವಾಪಸ್ ಬರುವ ದಾರಿಯಲ್ಲೇ ಶಿಶುವಿಹಾರ. ಮಕ್ಕಳನ್ನು ಬಿಡುವ ಹೊತ್ತು. ಬಾಗಿಲ ಮುಂದೆ ಅಪ್ಪ ಅಮ್ಮಂದಿರ ಕಾರುಗಳು ಸಾಲಾಗಿ ನಿಂತಿದ್ದವು. ಎಲ್ಲರದ್ದೂ ಇಂಜಿನ್ ಓಡುತ್ತಲೇ ಇತ್ತು. ಒಬ್ಬರು ಫೋನಿನಲ್ಲಿ, ಒಬ್ಬರು ಕನ್ನಡಿಯಲ್ಲಿ. ಮಕ್ಕಳು ಕಾಲುದಾರಿಯ ಅಂಚಿನಲ್ಲಿ ಚೀಲ ಹೊತ್ತು ನಿಂತಿದ್ದರು. ಮಕ್ಕಳ ಅಕ್ಕ ಒಂದು ಕಾರಿನ ಹಿಂದೆಯೇ ಕುಕ್ಕರುಗಾಲಲ್ಲಿ ಕೂತು ಒಬ್ಬೊಬ್ಬರದೇ ಶೂ ಲೇಸ್ ಕಟ್ಟುತ್ತಿದ್ದರು.

ನನ್ನ ಗಂಡ ನಮ್ಮ ಕಾರಿನ ಇಂಜಿನ್ ಆರಿಸಿ ಇಳಿದರು. ನಾನೂ ಇಳಿದೆ. ತಂಗಿ ಪೆಟ್ಟಿಗೆಯ ಜೊತೆ ಕಾರಿನಲ್ಲೇ ಉಳಿದಳು.

"ಅಕ್ಕಾ, ಸ್ವಲ್ಪ ಮಾತಾಡಬೇಕಿತ್ತು" ಎಂದರು.

"ಬನ್ನಿ ಮೇಷ್ಟ್ರೇ, ಇಲ್ಲೇ ಕೂತ್ಕೊಳ್ಳಿ. ನಾನು ಎದ್ದರೆ ಇವರೆಲ್ಲ ಓಡಿಹೋಗ್ತಾರೆ. ಇನ್ನೂ ಒಂದು ಸಾಲು ಶೂ ಇದೆ."

ಅವರು ಕೂತರು. ಮೊಣಕಾಲು ಲಟಕ್ ಎಂದಿತು, ಒಂದು ಹುಡುಗಿ ಕಿಸಕ್ಕನೆ ನಕ್ಕಳು. ಕೂತ ಮೇಲೆ ನನ್ನ ಗಂಡನಿಗೆ ಗೊತ್ತಾಯಿತು, ಮುಂದಿನ ಕಾರಿನ ಹೊಗೆ ಕೊಳವೆ ತಮ್ಮ ಕೆನ್ನೆಯ ಪಕ್ಕದಲ್ಲೇ ಇದೆ ಎಂದು. ಅದರಿಂದ ಹೊಗೆಯೇನೂ ಕಾಣುತ್ತಿರಲಿಲ್ಲ. ಬಿಸಿ ಗಾಳಿ ಮಾತ್ರ ಮುಖಕ್ಕೆ ಬಡಿಯುತ್ತಿತ್ತು. ಅವರು ಕೆಮ್ಮಿದರು. ತಲೆ ತಿರುಗಿಸಿ ನೋಡಿದರೆ, ನಕ್ಕ ಹುಡುಗಿಯ ಮುಖವೂ ಅಲ್ಲೇ ಹತ್ತಿರದಲ್ಲಿತ್ತು. ಅವಳು ನಿಂತೇ ಇದ್ದಳು. ನಿಂತರೂ ಅವಳ ಎತ್ತರ ಅಷ್ಟೇ.

ಆ ಹುಡುಗಿಯ ನಗು ಕೆಮ್ಮಾಯಿತು. ಮಕ್ಕಳ ಅಕ್ಕ ಲೇಸಿನಿಂದ ಕಣ್ಣು ತೆಗೆಯದೆ ಹೆಗಲ ಚೀಲದಿಂದ ಉಬ್ಬಸದ ಪಂಪು ತೆಗೆದು ಅವಳಿಗೆ ಕೊಟ್ಟರು. ಹುಡುಗಿ ರೂಢಿಯಾದವಳಂತೆ ಅದನ್ನು ಬಾಯಿಗಿಟ್ಟು ಎಳೆದುಕೊಂಡು ವಾಪಸ್ ಕೊಟ್ಟಳು.

"ಇವಳಿಗೆ ಈ ಹೊತ್ತಿಗೆ ಹೀಗೇ" ಎಂದರು ಮಕ್ಕಳ ಅಕ್ಕ. "ಹೇಳಿ ಮೇಷ್ಟ್ರೇ. ನಾಳೆ ಎಷ್ಟು ಹೊತ್ತಿಗೆ ಬರಲಿ?"

ನನ್ನ ಗಂಡ ನನ್ನನ್ನು ನೋಡಿದರು.

"ನಾಳೆ ಕಾರು ಕೊಡಲ್ಲ ಅಕ್ಕಾ" ಎಂದರು.

ಲೇಸು ಕಟ್ಟುತ್ತಿದ್ದ ಕೈ ನಿಂತಿತು. "ಬೇರೆಯವರಿಗೆ ಮಾರಿಬಿಟ್ರಾ?"

"ಇಲ್ಲ. ಆ ಕಾರು ಇಷ್ಟು ದಿನ ಸುಳ್ಳು ಹೇಳಿದೆ. ನನಗೂ ನಿನ್ನೆ ತನಕ ಗೊತ್ತಿರಲಿಲ್ಲ."

"ಕಾರಿಗೆ ಬಾಯಿ ಇದೆಯಾ?" ಎಂದಳು ಆ ಹುಡುಗಿ.

"ಇದೆ ಪುಟ್ಟಿ" ಎಂದು ಅವರು ಕೊಳವೆ ತೋರಿಸಿದರು. "ಇಲ್ಲಿದೆ. ನೀನು ಈ ಕಡೆ ಬಾ, ನನ್ನ ಪಕ್ಕ."

ಅವಳನ್ನು ದೂರಕ್ಕೆ ಕರೆದು ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದರು. ಪ್ರೋಗ್ರಾಂ, ರೋಲರ್, ಪೆಟ್ಟಿಗೆ, ಪರದೆಯ ಮೇಲಿನ ಅಂಕಿ. ನಿನ್ನೆ ರಾತ್ರಿ ಹೇಳದೇ ಕೊಡಬೇಕು ಅಂದುಕೊಂಡಿದ್ದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಮಕ್ಕಳ ಅಕ್ಕ ಕೇಳುತ್ತಾ ಒಂದು ಲೇಸು ಮುಗಿಸಿದರು, ಇನ್ನೊಂದು ಹಿಡಿದರು.

"ನೀವು ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದರು.

"ಇಲ್ಲ."

"ಮುಂದೆ ಯಾವಾಗಲಾದರೂ?"

"ಯಾವತ್ತೂ ಗೊತ್ತಾಗ್ತಿರಲಿಲ್ಲ. ಪರೀಕ್ಷೆ ಮಾಡಿಸಿದಾಗೆಲ್ಲ ಪಾಸಾಗ್ತಿತ್ತು. ದಿನಾ ಈ ಮಕ್ಕಳ ಮುಂದೆ ನಿಲ್ಲಿಸ್ತಿದ್ದಿರಿ."

ಮಕ್ಕಳ ಅಕ್ಕ ಹಿಡಿದಿದ್ದ ಲೇಸನ್ನು ಬಿಗಿದು ಗಂಟು ಹಾಕಿದರು. ಆಮೇಲೆ ಎದ್ದು ಸೆರಗು ಕೊಡವಿದರು.

"ಹಾಗಾದರೆ ನನಗೆ ನಿಮ್ಮ ಕಾರೇ ಬೇಕು" ಎಂದರು. "ಸರಿ ಮಾಡಿಸಿ. ಮತ್ತೆ ರಸ್ತೆ ಮೇಲೆ ಅಳೆಸಿ. ಆಮೇಲೆ ಕೊಡಿ. ಇದೇ ಥರದ ಗಾಡಿ ಬೇರೆ ಯಾರ ಹತ್ತಿರವೋ ತಗೊಂಡರೆ, ಅವರು ಹೀಗೆ ಕುಕ್ಕರುಗಾಲಲ್ಲಿ ಕೂತು ನನಗೆ ನಿಜ ಹೇಳ್ತಾರೆ ಅಂತ ಏನು ಗ್ಯಾರಂಟಿ?"

ನನ್ನ ಗಂಡ ಎದ್ದು ನಿಂತಾಗ ಹೆಗಲ ಮೇಲಿನ ಮೂಟೆ ಇಳಿಸಿದವರ ಹಾಗಿದ್ದರು. ಎದ್ದವರೇ ಸುಮ್ಮನಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ಕಾರುಗಳ ಕಿಟಕಿಗಳನ್ನು ಒಂದೊಂದಾಗಿ ತಟ್ಟತೊಡಗಿದರು. "ಇಂಜಿನ್ ಆಫ್ ಮಾಡಿ. ನಿಂತ ಗಾಡಿಗೆ ಇಂಜಿನ್ ಯಾಕೆ?" ಸ್ಟೀರಿಂಗ್ ಹಿಂದೆ ಕೂತಿದ್ದ ಬಹಳಷ್ಟು ಜನ ಅವರ ಹಳೇ ಶಿಷ್ಯರೇ. ಬ್ರೇಕ್ ಮೇಷ್ಟ್ರ ದನಿ ಕೇಳಿದ್ದೇ ತಡ, ಪಟಪಟ ಕೀಲಿ ತಿರುಗಿಸಿದರು. ಒಬ್ಬ ದಪ್ಪ ಮೀಸೆಯವರಂತೂ ಅಭ್ಯಾಸಬಲದಿಂದ ಸೀಟ್ ಬೆಲ್ಟನ್ನೂ ಹಾಕಿಕೊಂಡರು. ಬೀದಿ ನಿಶ್ಶಬ್ದವಾಯಿತು. ಮಕ್ಕಳ ಗಲಾಟೆ ಮಾತ್ರ ಉಳಿಯಿತು.

ಸೋಮವಾರ ಕಾರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಬಿಟ್ಟರು. ಪ್ರೋಗ್ರಾಂ ಬದಲಿಸಿ ಅದೇ ದಿನ ಕೊಟ್ಟರು, ಹಣ ಕೇಳಲಿಲ್ಲ. ಏನೇನು ಮಾಡಿದರು ಎಂದು ಬರೆಸಿಕೊಂಡೇ ಬನ್ನಿ ಎಂದು ತಂಗಿ ಹೇಳಿಕೊಟ್ಟಿದ್ದಳು, ಬರೆಸಿಕೊಂಡು ಬಂದರು. ತಂಗಿ ಮತ್ತೆ ಪೆಟ್ಟಿಗೆ ಇಟ್ಟು ರಸ್ತೆಯಲ್ಲಿ ಅಳೆದಳು. ಅನಿಲ ಪೂರ್ತಿ ಇಲ್ಲವಾಗಲಿಲ್ಲ, ಡೀಸೆಲ್ ಗಾಡಿ ಅಲ್ಲವೇ. ಆದರೆ ಮೊದಲಿಗೆ ಹೋಲಿಸಿದರೆ ಬಹಳ ಇಳಿದಿತ್ತು. ಟೈರ್ ಅಂಗಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಕಡಿದಾದ ಏರನ್ನೂ ಹತ್ತಿಸಿದ್ದಾಯಿತು. ಕಾರು ಏದುಸಿರು ಬಿಡದೆ ಹತ್ತಿತು. "ನಾನು ಕೂತಿದ್ದೆ, ಭಾರ ಬೇರೆ" ಎಂದು ಅವರೇ ಈಗ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಮೈಲೇಜ್ ಕೊಂಚ ಕಡಿಮೆಯಾಗಿದೆ, ಅದು ನಿಜ. ಅದನ್ನೂ ನನ್ನ ಗಂಡ ಮಕ್ಕಳ ಅಕ್ಕನಿಗೆ ಹೇಳಿಯೇ ಕೊಟ್ಟರು, ಕಂಪನಿಗೂ ದೂರು ಬರೆದು ಹಾಕಿದರು. ಆ ದೂರಿಗೆ ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ನಾನು ಫೋನ್ ಮಾಡುವುದು ನಿಲ್ಲಿಸುವುದಿಲ್ಲ. ಫೋನ್ ನನ್ನ ಕೈಯಲ್ಲೇ ಇರುವುದಲ್ಲವೇ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಡೀಸೆಲ್ ಕಾರು ಇರಬಹುದು. ಇಂಥ ಮೋಸ ಬೇರೆ ಬೇರೆ ದೇಶಗಳಲ್ಲಿ ನಿಜವಾಗಿ ಬಯಲಾಗಿದೆ. ನಿಮ್ಮ ಕಾರಿನಲ್ಲೂ ಅದು ನಡೆದಿದ್ದರೆ ತಪ್ಪು ಮಾಡಿದವರು ನೀವಲ್ಲ, ನಾಚಿಕೊಳ್ಳಬೇಕಾದವರೂ ನೀವಲ್ಲ. ಆದರೆ ಗೊತ್ತಾದ ಮೇಲೆ ಸುಮ್ಮನೆ ಕೂರಬೇಡಿ. ಕಂಪನಿಯಿಂದ ಕಾಗದ ಬಂದರೆ ಅದರ ಮೇಲೆ ಲೋಟ ಇಡಬೇಡಿ. ಬಂದಿಲ್ಲವಾದರೂ ನಿಮ್ಮ ಗಾಡಿಯ ಚಾಸಿಸ್ ನಂಬರ್ ಹೇಳಿ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಹಳೇ ಕಾರು ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಈ ಗಾಡಿಯನ್ನು ರಿಪೇರಿಗೆ ತನ್ನಿ ಅಂತ ಕಂಪನಿಯಿಂದ ಕಾಗದ ಬಂದಿತ್ತಾ, ಬಂದಿದ್ದರೆ ರಿಪೇರಿ ಆಗಿದೆಯಾ? ಮಾಡಿದ ಕೆಲಸವನ್ನು ಬರೆಸಿಕೊಳ್ಳಿ. ಮೈಲೇಜ್, ಪಿಕಪ್ ಬದಲಾದರೆ ದೂರು ಕೊಡಿ. ಪರಿಹಾರ ಕೇಳುವ ಹಕ್ಕು ಇದೆಯಾ ಎಂದು ನಿಮ್ಮ ಊರಿನ ಗ್ರಾಹಕರ ಸಂಘದಲ್ಲಿ ತಿಳಿದುಕೊಳ್ಳಿ. ರಸ್ತೆ ಬದಿಯಲ್ಲಿ ಯಾರಾದರೂ, ಹೊಗೆ ಜಾಲರಿ ಕಿತ್ತು ಹಾಕಿ ಪಿಕಪ್ ಜಾಸ್ತಿ ಮಾಡಿಕೊಡ್ತೀನಿ ಅಂದರೆ ದೂರದಿಂದಲೇ ಕೈ ಮುಗಿಯಿರಿ. ಕಂಪನಿ ಮಾಡಿದ ಮೋಸವನ್ನೇ ನಾವು ದುಡ್ಡು ಕೊಟ್ಟು ಮಾಡಿಸಿಕೊಂಡ ಹಾಗಾಗುತ್ತದೆ.

ಇಷ್ಟೆಲ್ಲ ಯಾಕೆ, ಪಾಸಾದ ಕಾಗದ ಇದೆಯಲ್ಲ ಅಂತ ಇನ್ನೂ ಅನ್ನಿಸುತ್ತಿದೆಯಾ? ಹಾಗಾದರೆ ಒಂದು ಕೆಲಸ ಮಾಡಿ. ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಗೇಟಿನ ಮುಂದೆ ನಿಂತಿರುವ ಕಾರುಗಳ ಹತ್ತಿರ ಹೋಗಿ, ಬಗ್ಗಿ, ಒಂದು ಮಗುವಿನ ಮುಖದ ಎತ್ತರಕ್ಕೆ ನಿಮ್ಮ ಮುಖ ತನ್ನಿ. ಒಂದೇ ಒಂದು ಸಲ ಉಸಿರೆಳೆದುಕೊಳ್ಳಿ. ಆಮೇಲೆ ಎದ್ದು, ನೇರ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ.